ಪಾದೂರಿನ ಕೆಳಗೆ ನಾಲ್ಕು ಗಂಟೆ

ಉಡುಪಿಯಿಂದ ಕಾಪುವಿನ ಕಡೆ ಹೊರಟು, ಹೆದ್ದಾರಿ ಬಿಟ್ಟು ಪೂರ್ವಕ್ಕೆ ಹೊರಳಿದರೆ ಪಾದೂರು. ಗದ್ದೆ, ತೆಂಗು, ಮುರಕಲ್ಲಿನ ಪಾಗಾರ, ಮಳೆಗಾಲದಲ್ಲಿ ಪಾಚಿಗಟ್ಟುವ ಅಂಗಳ. ಕರಾವಳಿಯ ಬೇರೆ ಊರುಗಳಿಗೂ ಇದಕ್ಕೂ ಮೇಲ್ನೋಟಕ್ಕೆ ವ್ಯತ್ಯಾಸವಿಲ್ಲ. ಬೇಲಿ ಹಾಕಿದ ಒಂದಷ್ಟು ಜಾಗ, ಒಳಗೆ ಕೊಳವೆಗಳು, ಗೇಟಿನಲ್ಲಿ ಕಾವಲಿನವರು. ಹೊರಗಿನವರಿಗೆ ಕಾಣುವುದು ಇಷ್ಟೇ. ಆದರೆ ಆ ನೆಲದಡಿ, ಗಟ್ಟಿ ಬಂಡೆಯನ್ನು ಕೊರೆದು ಮಾಡಿದ ಸುರಂಗಗಳಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಸುತ್ತದೆ. ಸುರಂಗದೊಳಗೆ ಹತ್ತು ಮಹಡಿಯ ಕಟ್ಟಡ ನಿಲ್ಲಿಸಬಹುದು, ಅಷ್ಟು ಎತ್ತರ. 20 ಲಕ್ಷ ಬ್ಯಾರಲ್ ಹೊರುವ ದೈತ್ಯ ಟ್ಯಾಂಕರ್ ಹಡಗು ಒಂಬತ್ತು ಸಲ ಬಂದು ಬರಿದಾದರೆ ಇದು ಭರ್ತಿ.

ಇಷ್ಟೂ ಎಣ್ಣೆಯನ್ನು ಇಡೀ ಜಗತ್ತಿಗೆ ಹಂಚಿದರೆ ಎಷ್ಟು ಹೊತ್ತಿಗೆ ಬಂದೀತು? ನಾಲ್ಕು ಗಂಟೆ ಚಿಲ್ಲರೆ. ಬೆಳಗಿನ ತಿಂಡಿಯ ಹೊತ್ತಿಗೆ ಬಳಸಲು ಹಿಡಿದರೆ ಮಧ್ಯಾಹ್ನದ ಊಟಕ್ಕೆ ಖಾಲಿ.

ಜಗತ್ತು ದಿನಕ್ಕೆ ಬಳಸುವ ತೈಲ, 2023ರ ಲೆಕ್ಕದಂತೆ, ಸುಮಾರು 10.2 ಕೋಟಿ ಬ್ಯಾರಲ್. ಒಂದು ಬ್ಯಾರಲ್ ಎಂದರೆ 159 ಲೀಟರ್. ಈ ಸೊಟ್ಟ ಸಂಖ್ಯೆ ಬಂದದ್ದು ಅಮೆರಿಕದ ಪೆನ್ಸಿಲ್ವೇನಿಯಾದಿಂದ. 1859ರಲ್ಲಿ ಅಲ್ಲಿನ ಟೈಟಸ್‌ವಿಲ್‌ನಲ್ಲಿ ಎಡ್ವಿನ್ ಡ್ರೇಕ್ ಎಂಬಾತ 21 ಮೀಟರ್ ಆಳಕ್ಕೆ ಕೊರೆದು ಎಣ್ಣೆ ಕಂಡಾಗ, ತುಂಬಿಡಲು ಕೈಗೆ ಸಿಕ್ಕಿದ್ದು ವಿಸ್ಕಿಯಂಥವನ್ನು ತುಂಬುವ ಮರದ ಪೀಪಾಯಿಗಳು. 40 ಗ್ಯಾಲನ್‌ಗೆ ದುಡ್ಡು, ದಾರಿಯಲ್ಲಿ ಸೋರುವುದಕ್ಕೆಂದು 2 ಗ್ಯಾಲನ್ ಮೇಲೆ. 1866ರಲ್ಲಿ ಅಲ್ಲಿನ ವ್ಯಾಪಾರಿಗಳು ಹಾಗೆಂದು ಒಪ್ಪಿಕೊಂಡರು. ನಮ್ಮ ಸಂತೆಯ ಭಾಷೆಯಲ್ಲಿ ಕೊಸರು. ಮರದ ಪೀಪಾಯಿ ಎಂದೋ ಮಾಯವಾಯಿತು. ಕೊಸರು ಸೇರಿದ 42 ಗ್ಯಾಲನ್ ಮಾತ್ರ ಉಳಿದುಕೊಂಡಿತು.

ಕೋಟಿ ಬ್ಯಾರಲ್ ಎಂದರೆ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಕಾವೇರಿ ಜಗಳದ ದೆಸೆಯಿಂದ ಕನ್ನಡಿಗರೆಲ್ಲರಿಗೂ ಟಿಎಂಸಿ ಗೊತ್ತು, ಅದರಲ್ಲೇ ಅಳೆಯೋಣ. ದಿನದ ತೈಲ ಅರ್ಧ ಟಿಎಂಸಿಗಿಂತ ತುಸು ಹೆಚ್ಚು. ವರ್ಷಕ್ಕೆ ಸುಮಾರು 209 ಟಿಎಂಸಿ. ಕನ್ನಂಬಾಡಿ ಕಟ್ಟೆ 124.80 ಅಡಿ ಭರ್ತಿಯಾದಾಗ ಹಿಡಿಯುವುದು 49.45 ಟಿಎಂಸಿ. ಅಲ್ಲಿಗೆ ಜಗತ್ತಿನ ವರ್ಷದ ಎಣ್ಣೆ ನಾಲ್ಕು ಕನ್ನಂಬಾಡಿಗಿಂತ ಚೂರು ಜಾಸ್ತಿ. ಮೊದಲ ಸಲ ಈ ಲೆಕ್ಕ ಹಾಕಿದಾಗ ನನಗೆ ನಿಜಕ್ಕೂ ನಿರಾಸೆಯಾಯಿತು. ಇಷ್ಟೇನಾ? ಭೂಮಿಯ ಮೇಲಿನ ಎಲ್ಲ ಲಾರಿ, ವಿಮಾನ, ಹಡಗು, ಟ್ರ್ಯಾಕ್ಟರು, ಡಾಂಬರು, ಪ್ಲಾಸ್ಟಿಕ್ ಕೊಡ, ಹವಾಯಿ ಚಪ್ಪಲಿ ಎಲ್ಲ ಸೇರಿ ನಾಲ್ಕು ಕಟ್ಟೆಯೇ? ಆದರೆ ಎಣ್ಣೆ ನೀರಲ್ಲ. ಒಂದು ಲೀಟರ್ ಡೀಸೆಲ್‌ನಲ್ಲಿ ಅಡಗಿರುವುದು ಹತ್ತು ಯೂನಿಟ್ ಕರೆಂಟಿನಷ್ಟು ಶಕ್ತಿ. ಬೆಳಗಿನಿಂದ ಸಂಜೆಯವರೆಗೆ ಹಾರೆ ಹಿಡಿದು ದುಡಿಯುವ ಗಟ್ಟಿ ಆಳು ಒಂದು ಯೂನಿಟ್‌ನಷ್ಟೂ ಕೆಲಸ ಮಾಡಲಾರ. ಹತ್ತು ಹನ್ನೆರಡು ಆಳಿನ ದಿನಗೂಲಿ ಒಂದು ನೀರಿನ ಬಾಟಲಿಯಲ್ಲಿ ಕೂತಿದೆ ಎಂದಾಗ, ಇದಕ್ಕಾಗಿ ಯುದ್ಧಗಳು ಏಕೆ ನಡೆದವು ಎಂಬುದು ಅರ್ಥವಾಗುತ್ತದೆ.

ಪಾದೂರಿನ ಬಂಡೆಗೆ ಮರಳೋಣ. ಈ ಬಂಡೆಯಲ್ಲೊಂದು ತಮಾಷೆ ಇದೆ. ಕರ್ನಾಟಕದ ಬಹುಪಾಲು ನೆಲದಡಿ ಇರುವುದು ಗ್ರಾನೈಟ್, ನೈಸ್ ಜಾತಿಯ ಅತಿ ಪುರಾತನ ಶಿಲೆ. ಬೆಂಗಳೂರಿನ ಲಾಲ್‌ಬಾಗ್ ಗುಡ್ಡದ ಮೇಲೆ ಕೂತು ಕಡಲೆಕಾಯಿ ತಿನ್ನುವವರು ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲಿನ ಮೇಲೆ ಕೂತಿರುತ್ತಾರೆ. ಇಂಥ ಕಲ್ಲಿನಲ್ಲಿ ಎಣ್ಣೆ ಹುಟ್ಟುವುದಿಲ್ಲ. ಎಣ್ಣೆಗೆ ಬೇಕಾದದ್ದು ಸಮುದ್ರದ ಪಾಚಿ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು. ಅವು ಸತ್ತು, ಆಮ್ಲಜನಕ ಇಲ್ಲದ ಕೆಸರಿನಲ್ಲಿ ಹೂತು, ಮೇಲೆ ಪದರದ ಮೇಲೆ ಪದರ ಮಣ್ಣು ಬಿದ್ದು, ಎರಡರಿಂದ ನಾಲ್ಕು ಕಿಲೋಮೀಟರ್ ಆಳಕ್ಕೆ ಇಳಿಯಬೇಕು. ಅಲ್ಲಿ ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಲಕ್ಷಾಂತರ ವರ್ಷ ಬೇಯಬೇಕು. ಬೆಣ್ಣೆ ಕಾಯಿಸಿದವರಿಗೆ ಈ ಹದ ಗೊತ್ತು. ಉರಿ ಸಾಲದಿದ್ದರೆ ತುಪ್ಪವಾಗುವುದಿಲ್ಲ, ಹೆಚ್ಚಾದರೆ ಸೀದುಹೋಗುತ್ತದೆ. ಇಲ್ಲಿ ಸೀದರೆ ಬರುವುದು ಅನಿಲ. ನಮ್ಮ ಶಿಲೆಗಳು ಹುಟ್ಟಿದ ಕಾಲಕ್ಕೆ ಭೂಮಿಯಲ್ಲಿ ಸೂಕ್ಷ್ಮಾಣುಗಳನ್ನು ಬಿಟ್ಟರೆ ಜೀವವೇ ಇರಲಿಲ್ಲ. ಇದ್ದ ಅಲ್ಪಸ್ವಲ್ಪವೂ ಆ ಬೆಂಕಿ, ಆ ಒತ್ತಡದಲ್ಲಿ ಉಳಿಯುವಂತಿರಲಿಲ್ಲ. ಕೊಲ್ಲಿ ದೇಶಗಳ ಅದೃಷ್ಟವೇ ಬೇರೆ. ಜುರಾಸಿಕ್, ಕ್ರಿಟೇಶಿಯಸ್ ಯುಗಗಳಲ್ಲಿ ಅಲ್ಲಿ ಟೆಥಿಸ್ ಎಂಬ ಬೆಚ್ಚಗಿನ, ಆಳವಿಲ್ಲದ ಸಮುದ್ರವಿತ್ತು. ಜೀವಿಗಳು ತುಂಬಿ ತುಳುಕುತ್ತಿದ್ದ ಸಮುದ್ರ.

ಹುಟ್ಟಿದ ಎಣ್ಣೆ ನೆಲದಡಿ ಕೆರೆಯಂತೆ ನಿಂತಿರುತ್ತದೆ ಎಂದು ಬಹಳ ಜನ ಭಾವಿಸಿದ್ದಾರೆ. ಚಿಕ್ಕಂದಿನಲ್ಲಿ ನನ್ನದೂ ಅದೇ ಕಲ್ಪನೆ. ಹಾಗಲ್ಲ. ಮಳೆಗಾಲದಲ್ಲಿ ಮುರಕಲ್ಲು ಹೇಗೆ ನೀರು ಕುಡಿದು ಕೂತಿರುತ್ತದೋ ಹಾಗೆ, ಸಣ್ಣ ಸಣ್ಣ ರಂಧ್ರಗಳಿರುವ ಮರಳುಗಲ್ಲು, ಸುಣ್ಣಗಲ್ಲು ಎಣ್ಣೆ ಕುಡಿದು ಕೂತಿರುತ್ತದೆ. ಮೇಲೆ ಜೇಡಿಯಂಥ ಬಿಗಿ ಪದರವೊಂದು ಮುಚ್ಚಳವಾಗಿ ಕೂತಿರಬೇಕು, ಇಲ್ಲವಾದರೆ ಎಲ್ಲ ಮೇಲಕ್ಕೆ ಸೋರಿ ಹೋದಂತೆಯೇ. 1948ರಲ್ಲಿ ಪತ್ತೆಯಾದ ಸೌದಿ ಅರೇಬಿಯಾದ ಘವಾರ್, ಜಗತ್ತಿನ ಅತಿ ದೊಡ್ಡ ಸಾಂಪ್ರದಾಯಿಕ ತೈಲಕ್ಷೇತ್ರ, ಇಂಥದ್ದೊಂದು ಕಲ್ಲು. ಉದ್ದ ಸುಮಾರು 280 ಕಿಲೋಮೀಟರ್, ಬೆಂಗಳೂರಿನಿಂದ ಹೊರಟು ದಾವಣಗೆರೆ ದಾಟುವಷ್ಟು. ಆದರೆ ಕಲ್ಲು ಕುಡಿದದ್ದನ್ನೆಲ್ಲ ಬಿಟ್ಟುಕೊಡುವುದಿಲ್ಲ. ಜಗತ್ತಿನ ಸರಾಸರಿ ನೋಡಿದರೆ ಮೂರರಲ್ಲಿ ಒಂದು ಪಾಲು ಮೇಲೆ ಬರುತ್ತದೆ. ಎರಡು ಪಾಲು ಕಲ್ಲಿಗೇ ಅಂಟಿ ಉಳಿಯುತ್ತದೆ.

ನಮ್ಮ ಬಂಡೆ ಎಣ್ಣೆ ಹೆರಲಿಲ್ಲ, ಆದರೆ ಸಾಕುವುದರಲ್ಲಿ ಎತ್ತಿದ ಕೈ. ಪಾದೂರಿನ ಸುರಂಗಗಳ ಗೋಡೆಗೆ ಉಕ್ಕಿನ ತಗಡಿಲ್ಲ. ಎಣ್ಣೆ ನೇರವಾಗಿ ಕಲ್ಲಿಗೆ ತಾಗಿಕೊಂಡೇ ಇರುತ್ತದೆ. ಸೋರುವುದಿಲ್ಲವೇ? ಬಾವಿ ತೋಡುವವರನ್ನು ಕೇಳಿ. ಅಂತರ್ಜಲದ ಮಟ್ಟ ದಾಟಿ ಕೆಳಗೆ ಇಳಿದರೆ ಸುತ್ತಲ ಬಿರುಕುಗಳಿಂದ ಒರತೆ ಒಳಕ್ಕೆ ನುಗ್ಗುತ್ತದೆಯೇ ಹೊರತು ಬಾವಿಯೊಳಗಿನದು ಹೊರಕ್ಕೆ ಹೋಗುವುದಿಲ್ಲ. ಪಾದೂರಿನಲ್ಲೂ ಅದೇ ಉಪಾಯ. ಸುರಂಗಗಳನ್ನು ಅಂತರ್ಜಲಕ್ಕಿಂತ ಸಾಕಷ್ಟು ಕೆಳಗೆ ಕೊರೆದಿದ್ದಾರೆ. ಸುತ್ತಲಿನ ನೀರಿನ ಒತ್ತಡ ಒಳಗಿನ ಎಣ್ಣೆಯ ಒತ್ತಡಕ್ಕಿಂತ ಸದಾ ಜಾಸ್ತಿ. ಬೇಸಿಗೆಯಲ್ಲೂ ಆ ಒತ್ತಡ ತಗ್ಗದಿರಲೆಂದು ಮೇಲ್ಗಡೆ ಇನ್ನೊಂದಷ್ಟು ಸಣ್ಣ ಸುರಂಗ ತೋಡಿ, ಅಲ್ಲಿಂದ ಬಂಡೆಗೆ ರಂಧ್ರ ಕೊರೆದು ನೀರು ಊಡಿಸುತ್ತಾರೆ. ಇದು ನೀರಿನ ಪರದೆ. ಒಳಕ್ಕೆ ಜಿನುಗಿದ ನೀರು ಎಣ್ಣೆಗಿಂತ ಭಾರ, ತಳಕ್ಕಿಳಿದು ಗುಂಡಿಯಲ್ಲಿ ಸೇರುತ್ತದೆ. ಪಂಪು ಅದನ್ನು ಎತ್ತಿ ಹೊರಹಾಕುತ್ತದೆ. ಎಣ್ಣೆಯನ್ನು ಹಿಡಿದಿಟ್ಟಿರುವುದು ನಮ್ಮ ಕರಾವಳಿಯ ಮಳೆ ಎಂದರೂ ತಪ್ಪಿಲ್ಲ. ಮಂಗಳೂರಿನಲ್ಲಿ 15 ಲಕ್ಷ ಟನ್, ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್ ಹಿಡಿಯುವ ಇಂಥವೇ ಸುರಂಗಗಳಿವೆ. ಹೊರಗಿನಿಂದ ಎಣ್ಣೆ ಬರುವುದು ನಿಂತರೆ ಮೂರೂ ಸೇರಿ ದೇಶವನ್ನು ಸುಮಾರು ಒಂಬತ್ತೂವರೆ ದಿನ ನಡೆಸಬಲ್ಲವು ಎಂಬುದು ಸರ್ಕಾರದ ಲೆಕ್ಕ.

ಈಗ ದೊಡ್ಡ ಪ್ರಶ್ನೆ. ಜಗತ್ತಿನಲ್ಲಿ ಒಟ್ಟು ಎಷ್ಟು ಎಣ್ಣೆ ಉಳಿದಿದೆ?

1980ರ ಸುಮಾರಿಗೆ ಹೈಸ್ಕೂಲಿನಲ್ಲಿ ನಮ್ಮ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಭಾಗಾಕಾರ ಮಾಡಿ ತೋರಿಸಿದ್ದು ಇನ್ನೂ ನೆನಪಿದೆ. ಇರುವ ಎಣ್ಣೆಯನ್ನು ವರ್ಷದ ಖರ್ಚಿನಿಂದ ಭಾಗಿಸಿ, ಉತ್ತರದ ಕೆಳಗೆ ಎರಡು ಗೆರೆ ಎಳೆದರು: 30 ವರ್ಷ. "ನೀವು ಅಜ್ಜಂದಿರಾಗುವಷ್ಟರಲ್ಲಿ ಬಸ್ಸುಗಳೆಲ್ಲ ಗುಜರಿ ಮಕ್ಕಳೇ" ಎಂದಿದ್ದರು. ಅವರ ಗಣಿತದಲ್ಲಿ ತಪ್ಪಿರಲಿಲ್ಲ. ಆಗಿನ ಖಚಿತ ನಿಕ್ಷೇಪ ಸುಮಾರು 68,000 ಕೋಟಿ ಬ್ಯಾರಲ್, ಖರ್ಚು ವರ್ಷಕ್ಕೆ 2,300 ಕೋಟಿ. ಆಮೇಲಿನ ನಲವತ್ತು ವರ್ಷಗಳಲ್ಲಿ ಜಗತ್ತು ಲಕ್ಷ ಕೋಟಿ ಬ್ಯಾರಲ್‌ಗೂ ಹೆಚ್ಚು ಸುಟ್ಟಿತು. ಇದ್ದದ್ದಕ್ಕಿಂತ ಹೆಚ್ಚು! 2020ರ ಕೊನೆಗೆ ಉಳಿದದ್ದು ಎಷ್ಟು? ಸುಮಾರು 1.7 ಲಕ್ಷ ಕೋಟಿ ಬ್ಯಾರಲ್, ಐವತ್ತು ವರ್ಷಕ್ಕೆ ಸಾಕಾಗುವಷ್ಟು. ಕಟ್ಟೆಗಳಲ್ಲಿ ಹೇಳಬೇಕೆಂದರೆ ಎಪ್ಪತ್ತೇಳು ಕನ್ನಂಬಾಡಿ ಇದ್ದವು, ನೂರಿಪ್ಪತ್ತು ಖರ್ಚಾದವು, ಈಗ ನೂರ ತೊಂಬತ್ತು ಮಿಕ್ಕಿವೆ.

ಇದು ಹೇಗೆ ಎಂದು ಯೋಚಿಸುವಾಗೆಲ್ಲ ನನಗೆ ನೆನಪಾಗುವುದು ನಮ್ಮೂರಿನ ರೇಷನ್ ಅಂಗಡಿ. ತಿಂಗಳಿಗೊಮ್ಮೆ ಚಿಮಿಣಿ ಎಣ್ಣೆ ಬರುತ್ತಿತ್ತು. ಪೇಟೆಯವರ ಬಾಯಲ್ಲಿ ಅದು ಸೀಮೆಎಣ್ಣೆ. ಸೀಮೆಸುಣ್ಣ, ಸೀಮೆಬದನೆ, ಸೀಮೆಹಸುವಿನ ಹಾಗೆ ಇದೂ ಪರದೇಶದ್ದು ಎಂದು ನಮ್ಮ ಭಾಷೆ ಎಂದೋ ದಾಖಲಿಸಿಟ್ಟಿದೆ. ಅಜ್ಜಿಯ ಜೊತೆ ಡಬ್ಬಿ ಹಿಡಿದು ನಾನೂ ಸಾಲಿನಲ್ಲಿ ನಿಲ್ಲುತ್ತಿದ್ದೆ. ಅಂಗಡಿಯವರು ಡ್ರಮ್ಮಿಗೆ ಸಿಕ್ಕಿಸಿದ ಕೈಪಂಪು ಒತ್ತಿದರೆ ಎಣ್ಣೆ ಬುಸುಗುಡುತ್ತ ಲೀಟರ್ ಮಾಪಿಗೆ ಬೀಳುತ್ತಿತ್ತು. ಮೇಲೆ ಎರಡು ಬೆರಳು ನೊರೆ. ನೊರೆ ಅಂಚಿಗೆ ಮುಟ್ಟಿತೋ ಇಲ್ಲವೋ, ಲಾಳಿಕೆಗೆ ಸುರಿದುಬಿಡುತ್ತಿದ್ದರು. "ಒಂದು ಗಳಿಗೆ ನಿಲ್ಲಿ ಮಾರಾಯ್ರೇ, ನೊರೆ ಇಳಿಯಲಿ" ಎಂದು ಅಜ್ಜಿ ಪ್ರತಿ ತಿಂಗಳೂ ಹೇಳುತ್ತಿದ್ದರು. "ಹಿಂದೆ ಎಷ್ಟು ಜನ ಇದ್ದಾರೆ ನೋಡಿ ಅಮ್ಮ" ಎಂಬ ಉತ್ತರವೂ ಪ್ರತಿ ತಿಂಗಳೂ ಅದೇ.

ನಿಕ್ಷೇಪ ಎಂಬ ಪದವನ್ನು ನಾವು ಹೂತಿಟ್ಟ ನಿಧಿ ಎಂಬರ್ಥದಲ್ಲಿ ಬಳಸುತ್ತೇವೆ. ಭೂವಿಜ್ಞಾನಿ, ಲೆಕ್ಕಪರಿಶೋಧಕ, ಬ್ಯಾಂಕಿನವರು ಮೂವರೂ ಸೇರಿ ಒಪ್ಪುವ ಅರ್ಥ ಬೇರೆ: ಇಂದಿನ ಬೆಲೆಗೆ, ಇಂದಿನ ತಂತ್ರದಲ್ಲಿ, ಲಾಭ ಬಿಟ್ಟು ಹೊರತೆಗೆಯಬಹುದಾದ ಎಣ್ಣೆ. ಅದೂ ಹತ್ತರಲ್ಲಿ ಒಂಬತ್ತು ಪಾಲು ಖಾತ್ರಿ ಇದ್ದರೆ ಮಾತ್ರ 'ಖಚಿತ' ಎನ್ನಬೇಕು. ಬೆಲೆ ಏರಿದರೆ ನಿಕ್ಷೇಪ ಬೆಳೆಯುತ್ತದೆ, ಇಳಿದರೆ ಕರಗುತ್ತದೆ. ನೆಲದಡಿ ಒಂದು ಹನಿಯೂ ಆಚೀಚೆ ಆಗಿರುವುದಿಲ್ಲ. 2004ರ ಜನವರಿಯಲ್ಲಿ ಶೆಲ್ ಕಂಪನಿ ತನ್ನ ಖಚಿತ ನಿಕ್ಷೇಪದಲ್ಲಿ ಐದನೇ ಒಂದು ಪಾಲು, ಅಂದರೆ 390 ಕೋಟಿ ಬ್ಯಾರಲ್, ಅಷ್ಟೊಂದು ಖಚಿತವಲ್ಲ ಎಂದು ಪಟ್ಟಿಯಿಂದ ಹೊಡೆದುಹಾಕಿತು. ಎರಡು ತಿಂಗಳಲ್ಲಿ ಅದರ ಅಧ್ಯಕ್ಷ ಫಿಲಿಪ್ ವಾಟ್ಸ್ ಕುರ್ಚಿ ಬಿಡಬೇಕಾಯಿತು. ಕೆನಡಾದ ಕತೆ ಇದಕ್ಕೆ ತಿರುಗುಮುರುಗು. ಆಲ್ಬರ್ಟಾ ಪ್ರಾಂತ್ಯದ ಮರಳಿಗೆ ಡಾಂಬರಿನಂಥ ಎಣ್ಣೆ ಅಂಟಿಕೊಂಡಿರುವುದು ಎಲ್ಲರಿಗೂ ಗೊತ್ತಿತ್ತು. ಹಬೆ ಊಡಿ ಕರಗಿಸಿ ತೆಗೆಯುವುದು ಗಿಟ್ಟುತ್ತದೆ ಎಂದಾದ ಮೇಲೆ 2002ರ ಕೊನೆಗೆ ತೈಲೋದ್ಯಮದ ಪತ್ರಿಕೆಯೊಂದು ಅದನ್ನೂ ಲೆಕ್ಕಕ್ಕೆ ಸೇರಿಸಿತು. ಕೆನಡಾದ ನಿಕ್ಷೇಪ ಸುಮಾರು 500 ಕೋಟಿಯಿಂದ 18,000 ಕೋಟಿ ಬ್ಯಾರಲ್‌ಗೆ ಜಿಗಿಯಿತು, ಹೊಸದಾಗಿ ಒಂದು ಬಾವಿಯನ್ನೂ ತೋಡದೆ.

ಇನ್ನು ನಿಕ್ಷೇಪದ ಲೆಕ್ಕದಲ್ಲಿನ ನೊರೆಯ ವಿಷಯ. ಇರಾನ್, ಇರಾಕ್, ಕುವೈತ್, ಸೌದಿ ಅರೇಬಿಯಾ, ವೆನೆಜುವೆಲಾ ಸೇರಿ 1960ರಲ್ಲಿ ಬಾಗ್ದಾದಿನಲ್ಲಿ ಕಟ್ಟಿದ ಒಪೆಕ್ ಕೂಟ, 1980ರ ದಶಕದಲ್ಲಿ ಎಣ್ಣೆಯ ಬೆಲೆ ಕುಸಿಯತೊಡಗಿದಾಗ ಯಾವ ದೇಶ ಎಷ್ಟು ತೆಗೆಯಬೇಕೆಂದು ಪಾಲು ಹಾಕಿತು. ಪಾಲಿಗೂ ನಿಕ್ಷೇಪಕ್ಕೂ ಗಂಟು ಹಾಕುವ ಮಾತು ಬಂತು. ಯಾರ ಹೊಲ ದೊಡ್ಡದೋ ಅವರಿಗೆ ಹೆಚ್ಚು ನೀರು ಎಂದು ಕಾಲುವೆಯ ನೀರು ಬಿಡುವ ಸೌಡಿ ಹೇಳಿದರೆ ಪಹಣಿಯಲ್ಲಿ ಎಕರೆಗಳು ಬೆಳೆಯದೆ ಇರುತ್ತವೆಯೇ? ದಶಕದ ನಡುವೆ ಕುವೈತಿನ ಲೆಕ್ಕ ಇದ್ದಕ್ಕಿದ್ದಂತೆ ಸುಮಾರು 40 ಪ್ರತಿಶತ ಏರಿತು. ಎಮಿರೇಟ್ಸ್‌ನದು ಮೂರು ಪಟ್ಟಿನ ಹತ್ತಿರ ಹೋಯಿತು. 1987ರಲ್ಲಿ ಇರಾಕ್ ತನ್ನಲ್ಲಿ ಸರಿಯಾಗಿ 10,000 ಕೋಟಿ ಬ್ಯಾರಲ್ ಇದೆ ಎಂದಿತು. ಆ ಉರುಟು ಸಂಖ್ಯೆ ನೋಡಿ ನಗು ಬರದವರು ಭೂವಿಜ್ಞಾನಿಗಳಲ್ಲ. 1988ರಲ್ಲಿ ಸೌದಿ 17,000 ಕೋಟಿಯಿಂದ 25,500 ಕೋಟಿಗೆ ಏರಿಸಿಕೊಂಡಿತು. ಆಮೇಲೆ ವರ್ಷಕ್ಕೆ ಮುನ್ನೂರು ಕೋಟಿಯ ಆಸುಪಾಸು ಹೊರತೆಗೆಯುತ್ತಲೇ ಬಂದರೂ ಆ ಸಂಖ್ಯೆ ಮಾತ್ರ ದಶಕಗಟ್ಟಲೆ ಅಲ್ಲೇ ನಿಂತಿತ್ತು.

ಹಾಗೆಂದು ಎಲ್ಲವೂ ನೊರೆ ಎಂದರೆ ಅನ್ಯಾಯ. ಈ ದೇಶಗಳ ಬಾವಿಗಳು ಹಿಂದೆ ಪಾಶ್ಚಾತ್ಯ ಕಂಪನಿಗಳ ಕೈಯಲ್ಲಿದ್ದಾಗ ಬರೆದ ಲೆಕ್ಕಗಳು ಬೇಕೆಂದೇ ತಗ್ಗಿಸಿದವು ಎನ್ನುವವರಿದ್ದಾರೆ. 2019ರಲ್ಲಿ ಸೌದಿಯ ಅರಾಮ್ಕೊ ತನ್ನ ಕಡತಗಳನ್ನು ಹೊರಗಿನ ತಜ್ಞರಿಗೆ ತೋರಿಸಿದಾಗ ಒಟ್ಟು ಲೆಕ್ಕ ಹೆಚ್ಚುಕಡಿಮೆ ತಾಳೆಯಾಯಿತು. ಬದಲಾದದ್ದು ಘವಾರ್ ಒಂದೇ. ದಿನಕ್ಕೆ 50 ಲಕ್ಷ ಬ್ಯಾರಲ್ ಕೊಡಬಲ್ಲದು ಎಂದು ಎಲ್ಲರೂ ನಂಬಿದ್ದ ಆ ಕ್ಷೇತ್ರದ ತಾಕತ್ತು 38 ಲಕ್ಷ ಎಂದು ತಿಳಿಯಿತು.

ನನ್ನನ್ನು ಹೆಚ್ಚು ಕಾಡುವುದು ವೆನೆಜುವೆಲಾ. ನಿಕ್ಷೇಪದ ಪಟ್ಟಿಯಲ್ಲಿ ಅದೇ ಮೊದಲು: 30,300 ಕೋಟಿ ಬ್ಯಾರಲ್, ಸೌದಿಗಿಂತಲೂ ಹೆಚ್ಚು. ಬಹುಪಾಲು ಒರಿನೊಕೊ ನದಿಯ ಬಳಿಯ ಗಟ್ಟಿ ಎಣ್ಣೆ, ತಣ್ಣಗಾದರೆ ಜೋನಿಬೆಲ್ಲದಂತೆ ಎಳೆಯುವಂಥದ್ದು. ತೆಳು ಎಣ್ಣೆ ಬೆರೆಸದೆ ಕೊಳವೆಯಲ್ಲಿ ಹರಿಯುವುದೇ ಇಲ್ಲ. 1990ರ ದಶಕದ ಕೊನೆಯಲ್ಲಿ ದಿನಕ್ಕೆ 30 ಲಕ್ಷ ಬ್ಯಾರಲ್‌ಗೂ ಹೆಚ್ಚು ತೆಗೆಯುತ್ತಿದ್ದ ದೇಶ 2020ರಲ್ಲಿ 5-6 ಲಕ್ಷಕ್ಕೆ ಕುಸಿದಿತ್ತು. ತಜ್ಞರು ಊರು ಬಿಟ್ಟರು, ಯಂತ್ರಗಳು ತುಕ್ಕು ಹಿಡಿದವು, ಮೇಲೆ ನಿರ್ಬಂಧಗಳು. ಅದೇ ಹೊತ್ತಿಗೆ ನಿಕ್ಷೇಪದಲ್ಲಿ ಅದರ ಕಾಲು ಭಾಗವೂ ಇಲ್ಲದ ಅಮೆರಿಕ ಜಗತ್ತಿನಲ್ಲೇ ಅತಿ ಹೆಚ್ಚು ಎಣ್ಣೆ ತೆಗೆಯುತ್ತಿತ್ತು. ಜಗತ್ತಿನ ಅತಿ ದೊಡ್ಡ ತೈಲನಿಧಿಯ ಮೇಲೆ ಕೂತ ಊರಿನಲ್ಲಿ ಪೆಟ್ರೋಲಿಗೆ ಮೈಲುದ್ದ ಸಾಲು.

ಅಮೆರಿಕದ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1956ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ತೈಲ ಉದ್ಯಮದವರ ಸಭೆ. ಶೆಲ್‌ನಲ್ಲೇ ಕೆಲಸಕ್ಕಿದ್ದ ಎಂ. ಕಿಂಗ್ ಹಬ್ಬರ್ಟ್ ಎಂಬ ಭೂವಿಜ್ಞಾನಿ ಎದ್ದು ನಿಂತು, ಅಮೆರಿಕದ ತೈಲೋತ್ಪಾದನೆ 1965ರಿಂದ 1970ರೊಳಗೆ ಶಿಖರ ಮುಟ್ಟಿ ಇಳಿಯಲು ಶುರುವಾಗುತ್ತದೆ ಎಂದ. ಹುಡುಕಿದ್ದು ಮೊದಲು ಹೆಚ್ಚುತ್ತದೆ, ಒಂದು ಹಂತದ ಮೇಲೆ ಸಿಗುವುದು ಕಡಿಮೆಯಾಗುತ್ತದೆ, ತೆಗೆಯುವುದೂ ಕೆಲವು ವರ್ಷ ಹಿಂದೆ ಬಿದ್ದು ಅದೇ ದಾರಿ ಹಿಡಿಯುತ್ತದೆ. ಗೀಚಿದರೆ ಗಂಟೆಯಾಕಾರದ ಗೆರೆ. ಸಭೆಯಲ್ಲಿದ್ದವರಿಗೆ ಇದು ಹಿಡಿಸಲಿಲ್ಲ. ಆದರೆ 1970ರಲ್ಲಿ ದಿನಕ್ಕೆ 96 ಲಕ್ಷ ಬ್ಯಾರಲ್ ಮುಟ್ಟಿದ ಉತ್ಪಾದನೆ ಹೇಳಿಟ್ಟಂತೆ ಇಳಿಯತೊಡಗಿತು. ಅರಬ್ ದೇಶಗಳು 1973ರ ಅಕ್ಟೋಬರಿನಲ್ಲಿ ಎಣ್ಣೆ ನಿಲ್ಲಿಸಿದಾಗ ಅಮೆರಿಕದ ಬಳಿ ಹೆಚ್ಚುವರಿ ಸಾಮರ್ಥ್ಯವೇ ಇರಲಿಲ್ಲ. ಕೆಲವೇ ತಿಂಗಳಲ್ಲಿ ಬ್ಯಾರಲ್‌ಗೆ 3 ಡಾಲರ್ ಇದ್ದದ್ದು 12ರ ಹತ್ತಿರ ಹೋಯಿತು. ನಮ್ಮ ರೇಷನ್ ಸಾಲು ಉದ್ದವಾದದ್ದು ಹಾಗೆ. ಹಬ್ಬರ್ಟ್ ಋಷಿಯಾದ.

2008ರಲ್ಲಿ ಅಮೆರಿಕದ ಉತ್ಪಾದನೆ 50 ಲಕ್ಷಕ್ಕೆ ಇಳಿದಿತ್ತು. 2023ರಲ್ಲಿ ಎಷ್ಟು? 1 ಕೋಟಿ 29 ಲಕ್ಷ. ಗಂಟೆಯ ಪಕ್ಕದಲ್ಲಿ ಅದಕ್ಕಿಂತ ದೊಡ್ಡ ಇನ್ನೊಂದು ಗಂಟೆ. ಇದಕ್ಕೆ ದಾರಿ ಮಾಡಿದವನು ಗ್ರೀಸಿನಿಂದ ವಲಸೆ ಬಂದ ಆಡು ಕಾಯುವವನ ಮಗ ಜಾರ್ಜ್ ಮಿಚೆಲ್. ಎಣ್ಣೆ, ಅನಿಲ ಮೊದಲು ಹುಟ್ಟುವ ಜೇಡಿಗಲ್ಲು, ಅಂದರೆ ಶೇಲ್, ಎಷ್ಟು ಬಿಗಿಯೆಂದರೆ ಅದರಿಂದ ತೆಗೆಯುವುದು ಅಸಾಧ್ಯ ಎಂದೇ ಎಲ್ಲರ ನಂಬಿಕೆ. ಮಿಚೆಲ್‌ನ ಕಂಪನಿ ಟೆಕ್ಸಾಸ್‌ನಲ್ಲಿ ಎರಡು ದಶಕದ ಹತ್ತಿರ ದುಡ್ಡು ಸುರಿದು, 1990ರ ದಶಕದ ಕೊನೆಗೆ ಆ ಕಲ್ಲನ್ನು ನೀರಿನ ಒತ್ತಡದಿಂದ ಸೀಳಿ ಅನಿಲ ತೆಗೆಯುವ ಹದ ಕಂಡುಕೊಂಡಿತು. ಬಾವಿಯನ್ನು ನೆಟ್ಟಗೆ ಇಳಿಸಿ, ಆಳದಲ್ಲಿ ಅಡ್ಡಕ್ಕೆ ತಿರುಗಿಸಿ ಕಿಲೋಮೀಟರ್‌ಗಟ್ಟಲೆ ಕೊರೆಯುವ ತಂತ್ರ ಇದಕ್ಕೆ ಜೊತೆಯಾದಾಗ ಎಣ್ಣೆಯೂ ಬಂತು. ಸೀಳಿದ ಬಿರುಕು ಮತ್ತೆ ಮುಚ್ಚಿಕೊಳ್ಳದಂತೆ ನೀರಿನ ಜೊತೆ ಮರಳು ಕಳಿಸುತ್ತಾರೆ. ಬರಿಯ ನೀರಿನಲ್ಲಿ ಮರಳು ತಳ ಹಿಡಿಯುತ್ತದೆ, ನೀರು ಲೋಳೆಯಾಗಬೇಕು. ಲೋಳೆಗೆ ಏನು ಹಾಕುತ್ತಾರೆ? ಗೋರಿಕಾಯಿ ಬೀಜದ ಅಂಟು! ನಾವು ಪಲ್ಯ ಮಾಡುವ ಅದೇ ಗೋರಿಕಾಯಿ. ಜಗತ್ತಿಗೆಲ್ಲ ಅದನ್ನು ಹೆಚ್ಚಾಗಿ ಬೆಳೆದುಕೊಡುವುದು ರಾಜಸ್ಥಾನದ ಮರಳುಗಾಡು. 2012ರಲ್ಲಿ ಅಮೆರಿಕದ ಬಾವಿಗಳ ಭರಾಟೆಗೆ ಆ ಬೀಜದ ಬೆಲೆ ಹಲವು ಪಟ್ಟು ಏರಿ, ಅದರ ವಾಯಿದಾ ವ್ಯಾಪಾರವನ್ನೇ ನಮ್ಮ ಸರ್ಕಾರ ನಿಲ್ಲಿಸಬೇಕಾಯಿತು.

ಹಬ್ಬರ್ಟ್ ಸೋತನೇ? ಅಮೆರಿಕದ ಹಳೆಯ ಬಗೆಯ ಬಾವಿಗಳ ಮಟ್ಟಿಗೆ ಅವನ ಗೆರೆ ಇಂದಿಗೂ ಸರಿಯಾಗಿಯೇ ಇದೆ. ಇಡೀ ಜಗತ್ತಿನ ಮಟ್ಟಿಗೆ ತಪ್ಪಿದ: 2000ದ ಹೊತ್ತಿಗೆ ವರ್ಷಕ್ಕೆ 1,250 ಕೋಟಿ ಬ್ಯಾರಲ್‌ಗೆ ಶಿಖರ ಎಂದಿದ್ದ, ಆ ವರ್ಷ ತೆಗೆದದ್ದು ಅದರ ಎರಡು ಪಟ್ಟಿಗೂ ಹೆಚ್ಚು. ಭೂಮಿಯಲ್ಲಿರುವ ಎಣ್ಣೆಗೆ ಮಿತಿ ಇದೆ ಎಂಬುದು ಅವನಿಗೆ ಗೊತ್ತಿತ್ತು. ಆ ಮಿತಿ ಎಲ್ಲಿದೆ ಎಂಬುದನ್ನು ಅವನ ಕಾಲದ ಬೆಲೆಯೇ ಹೇಳಿತ್ತು. ಶೇಲ್ ಬಾವಿಗಳಿಗೂ ಒಂದು ಐಬಿದೆ. ಮೊದಲ ವರ್ಷದಲ್ಲೇ ಅವುಗಳ ಇಳುವರಿ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಘವಾರ್ ಎಪ್ಪತ್ತು ವರ್ಷದಿಂದ ಹಾಲು ಕೊಡುತ್ತಿರುವ ಹಸುವಾದರೆ, ಇವು ಕೊರೆಯುವುದು ನಿಲ್ಲಿಸಿದ ದಿನವೇ ಬತ್ತಲು ಶುರು.

ಬಳಕೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಒಂದು ಹೋಲಿಕೆ ಸಾಕು. ದೇಶದ ದಿನದ ಬಳಕೆಯನ್ನು ಜನಸಂಖ್ಯೆಯಿಂದ ಭಾಗಿಸಿದರೆ ಒಬ್ಬ ಭಾರತೀಯನ ಪಾಲಿಗೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿಗಿಂತ ತುಸು ಹೆಚ್ಚು ಬರುತ್ತದೆ. ಅಮೆರಿಕನ್ನನ ಪಾಲಿಗೆ ಒಂಬತ್ತೂವರೆ ಲೀಟರ್. ನಮ್ಮ ಆ ಪ್ಯಾಕೆಟ್ಟಿನಲ್ಲೂ ನಮ್ಮದೇ ನೆಲದ್ದು, ಅಸ್ಸಾಂ, ಬಾಂಬೆ ಹೈ, ಬಾಡಮೇರ್ ಎಲ್ಲ ಸೇರಿ, ನಾಲ್ಕೈದು ಚಮಚ. ಕಚ್ಚಾತೈಲದ 85 ಪ್ರತಿಶತಕ್ಕೂ ಹೆಚ್ಚು ಇಂದಿಗೂ ಸೀಮೆಯದೇ.

2020ರ ಏಪ್ರಿಲ್ ತಿಂಗಳು ನಮ್ಮ ಪಾಲಿಗೆ ಮನೆಯೊಳಗೆ ಕೂತ ತಿಂಗಳು. ರಸ್ತೆ ಖಾಲಿ, ಆಕಾಶ ಖಾಲಿ, ಜಗತ್ತಿನ ಟ್ಯಾಂಕುಗಳೆಲ್ಲ ಭರ್ತಿ. 20ನೇ ತಾರೀಕು ಅಮೆರಿಕದ ಪೇಟೆಯಲ್ಲಿ ಮೇ ತಿಂಗಳ ಕಚ್ಚಾತೈಲದ ಬೆಲೆ ಬ್ಯಾರಲ್‌ಗೆ ಸೊನ್ನೆಗಿಂತ 37.63 ಡಾಲರ್ ಕೆಳಗಿಳಿಯಿತು. ಮಾರುವವನೇ ಕೈಯಿಂದ ದುಡ್ಡು ಕೊಟ್ಟು "ಒಯ್ಯಿರಿ ಸ್ವಾಮಿ" ಎಂದ ದಿನ. ವ್ಯವಹಾರ ಮುಗಿಯುವ ದಿನ ಹತ್ತಿರ ಬಂದಿತ್ತು. ಕಾಗದ ಕೈಯಲ್ಲಿದ್ದವರು ಒಕ್ಲಹೋಮಾದ ಕುಶಿಂಗ್ ಎಂಬ ಊರಿಗೆ ಹೋಗಿ ನಿಜವಾದ ಎಣ್ಣೆ ಹೊತ್ತುಕೊಳ್ಳಬೇಕು, ಇಡಲು ಜಾಗವಿಲ್ಲ. ಟೊಮೆಟೊ ಬೆಲೆ ಬಿದ್ದರೆ ಕೋಲಾರದ ರೈತ ರಸ್ತೆಗೆ ಸುರಿದು ಮನೆಗೆ ಹೋಗುತ್ತಾನೆ, ಕಚ್ಚಾತೈಲವನ್ನು ಸುರಿಯುವುದೆಲ್ಲಿ? ಆ ಏಪ್ರಿಲ್, ಮೇ ತಿಂಗಳುಗಳಲ್ಲಿ ಪಾದೂರು, ಮಂಗಳೂರು, ವಿಶಾಖಪಟ್ಟಣದ ಸುರಂಗಗಳನ್ನು ಬ್ಯಾರಲ್‌ಗೆ ಸರಾಸರಿ 19 ಡಾಲರ್‌ನಂತೆ ತುಂಬಿಸಿಕೊಂಡರು. 5,000 ಕೋಟಿ ರೂಪಾಯಿ ಉಳಿಯಿತು ಎಂದು ಸರ್ಕಾರ ಹೇಳಿತು. ಹಲಸಿನ ಕಾಲದಲ್ಲಿ ಹಪ್ಪಳ ಮಾಡಿಡುವ ಬುದ್ಧಿ.

ಎಣ್ಣೆ ಮುಗಿದುಹೋಗುತ್ತದೆ ಎಂದು ನಮ್ಮ ಮೇಷ್ಟ್ರು ಹೆದರಿದ್ದರು. ಈಗಿನ ಹೆದರಿಕೆ ಅದು ಮುಗಿಯುವುದಿಲ್ಲ ಎಂಬುದು. ಒಂದು ಬ್ಯಾರಲ್ ಸುಟ್ಟರೆ ಸುಮಾರು 430 ಕಿಲೋ ಇಂಗಾಲದ ಡೈಆಕ್ಸೈಡ್. ಪಟ್ಟಿಯಲ್ಲಿರುವ 1.7 ಲಕ್ಷ ಕೋಟಿ ಬ್ಯಾರಲ್ಲೂ ಸುಟ್ಟರೆ 73,000 ಕೋಟಿ ಟನ್. ಭೂಮಿಯ ಬಿಸಿ ಒಂದೂವರೆ ಡಿಗ್ರಿಗಿಂತ ಹೆಚ್ಚಾಗದಿರಲು ಅರ್ಧದಷ್ಟಾದರೂ ಸಾಧ್ಯತೆ ಉಳಿಯಬೇಕೆಂದರೆ 2020ರಿಂದಾಚೆ ನಾವು ಬಿಡಬಹುದಾದದ್ದು 50,000 ಕೋಟಿ ಟನ್ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ವರದಿ ಹೇಳಿತ್ತು. ಆ ಲೆಕ್ಕದಲ್ಲಿ ಕಲ್ಲಿದ್ದಲು, ಅನಿಲ, ಸಿಮೆಂಟು, ಕಾಡು ಕಡಿಯುವುದು ಎಲ್ಲವೂ ಸೇರಿದೆ. ಎಣ್ಣೆಯೊಂದೇ ಅದನ್ನು ಮೀರುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಮೆಕ್‌ಗ್ಲೇಡ್ ಮತ್ತು ಎಕಿನ್ಸ್ 2015ರಲ್ಲೇ 'ನೇಚರ್' ಪತ್ರಿಕೆಯಲ್ಲಿ ಲೆಕ್ಕ ಹಾಕಿ ತೋರಿಸಿದ್ದರು: ಎರಡು ಡಿಗ್ರಿಯ ಗುರಿಗಾದರೂ 2050ರವರೆಗೆ ಜಗತ್ತಿನ ತೈಲ ನಿಕ್ಷೇಪದ ಮೂರನೇ ಒಂದು ಪಾಲು ನೆಲದಲ್ಲೇ ಇರಬೇಕು. ಯಾವ ದೇಶದ ಪಾಲು ನೆಲದಲ್ಲಿ ಉಳಿಯಬೇಕು ಎಂಬಲ್ಲಿಗೆ ಬಂದರೆ ಮತ್ತೆ ಪಹಣಿ ಜಗಳವೇ. ನಾರ್ವೆ ತನ್ನ ಎಣ್ಣೆಯನ್ನು ಲೋಕಕ್ಕೆಲ್ಲ ಮಾರುತ್ತದೆ. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಬ್ಯಾಟರಿಯವು. ಸೇಂದಿ ಮಾರುವವನು ತಾನು ಕುಡಿಯುವುದಿಲ್ಲ ಎಂಬ ಮಾತು ನೆನಪಾದರೆ ಅದು ನನ್ನ ತಪ್ಪಲ್ಲ.

ಮಾರುವವರ ಚಡಪಡಿಕೆಯನ್ನು ನೋಡಲು ನಾರ್ವೆಗೆ ಹೋಗಬೇಕಾಗಿಲ್ಲ, ಮಂಗಳೂರಿಗೆ ಬಂದರೆ ಸಾಕು. ಅಲ್ಲಿನ ಸುರಂಗದಲ್ಲಿ ಅರ್ಧದಷ್ಟು ಜಾಗವನ್ನು ಅಬುಧಾಬಿಯ ಸರ್ಕಾರಿ ತೈಲ ಕಂಪನಿ ಒಪ್ಪಂದ ಮಾಡಿಕೊಂಡು ಪಡೆಯಿತು. 58.6 ಲಕ್ಷ ಬ್ಯಾರಲ್ ಹಿಡಿಯುವ ಜಾಗ. 2018ರ ಮೇ ತಿಂಗಳಲ್ಲಿ ಅವರ ಮೊದಲ ಹಡಗು ಎಣ್ಣೆ ತಂದು ಇಳಿಸಿತು. ಎಣ್ಣೆ ಅವರದು, ಬಂಡೆ ನಮ್ಮದು. ತುರ್ತು ಬಂದರೆ ಮೊದಲ ಹಕ್ಕು ನಮಗೆ. ಗಿರಾಕಿಯ ಮನೆ ಬಾಗಿಲಲ್ಲೇ ಸರಕು ದಾಸ್ತಾನಿಡಲು ಎಣ್ಣೆಯವರೇ ಸಮುದ್ರ ದಾಟಿ ಬಂದಿದ್ದಾರೆ. ಅಜ್ಜಿಗೆ ಇದನ್ನು ಹೇಳಿದ್ದರೆ ನಂಬುತ್ತಿರಲಿಲ್ಲ. ನಂಬಿದ್ದರೂ, ಸುರಂಗಕ್ಕೆ ತುಂಬುವಾಗ ನೊರೆ ಇಳಿಯುವವರೆಗೆ ಕಾಯುತ್ತಾರೋ ಇಲ್ಲವೋ ಎಂದು ಕೇಳುತ್ತಿದ್ದರು.